ಶೇಷ ಎರಡು

ಜೂನಿನಲ್ಲಿ ಬಂದು ಶಾಲೆಯ ಬಾಗಿಲಿಗೆ ಹಲಗೆ ಬಡಿದು ಹೋದರು.
ಇಡೀ ಊರಿಗೆ ಉಳಿದಿದ್ದ ಮಕ್ಕಳು ಮೂರು,
ಅದರಲ್ಲಿ ಎರಡು ನನ್ನವು.
ನ್ಯೂಫೌಂಡ್‌ಲ್ಯಾಂಡಿನ ಈ ತುದಿಗೆ ದಾರಿಯೆಂದರೆ ದೋಣಿ,
ದೋಣಿಯೆಂದರೆ ಗಾಳಿಯ ಮರ್ಜಿ.
ಸೆಪ್ಟೆಂಬರಿಗೆ ಅಡುಗೆಮನೆಯ ಮೇಜಿನಿಂದ
ಮೀನಿನ ಚಾಕು, ಕರೆಂಟ್ ಬಿಲ್ಲು, ಆಂಬ್ರೋಸನ ಹರಿದ ಕೈಗವಸು
ಎಲ್ಲ ಎತ್ತಿ ಕಿಟಕಿಗಿಟ್ಟು
ಇವತ್ತಿನಿಂದ ಇದು ಶಾಲೆ, ಎಂದೆ.
ಹಾಗಾದರೆ ಊಟ ಎಲ್ಲಿ? ಎಂದಳು ಟ್ಯಾಮ್ಸಿನ್.

ಮೊದಲ ವಾರ ಗಂಟೆ ಬಾರಿಸಿದೆ.
ನಿಜವಾದ ಗಂಟೆ, ಮಂಜಿನಲ್ಲಿ ದೋಣಿಗಳನ್ನು ಕರೆಯಲು
ಮಾವ ಇಟ್ಟುಕೊಂಡಿದ್ದದ್ದು.
ಗೋಡೆಗೆ ವೇಳಾಪಟ್ಟಿ, ನಾಲ್ಕು ಬಣ್ಣದಲ್ಲಿ.
ಎರಡನೆಯ ವಾರ ಒಲೆ ಹೊತ್ತಿಸಲು ಕಾಗದ ಸಾಲದೆ
ಅದನ್ನೇ ಕೊಟ್ಟೆ.
ಚೆನ್ನಾಗಿ ಉರಿಯಿತು.

ಲಿಯಾಂಡರನಿಗೆ ಒಂಬತ್ತು. ಭಾಗಾಕಾರ.
ಹದಿನೇಳು ಮೀನು, ಐದು ಮನೆ.
ಮೂರು ಮೂರು ಹಂಚಿ ಪೆನ್ಸಿಲ್ ಕೆಳಗಿಟ್ಟ.
ಶೇಷ ಎರಡು ಅಂತ ಬರಿ.
ಆ ಎರಡು ಯಾರಿಗೆ?
ಯಾರಿಗೂ ಇಲ್ಲ, ಅದು ಲೆಕ್ಕ.
ಯಾರಿಗೂ ಇಲ್ಲದಿದ್ದರೆ ಕೊಳೆಯುತ್ತವಲ್ಲ.
ಬರಿ ಎಂದೆ. ಮತ್ತೆ ಎಂದೆ. ಮೂರನೆಯ ಸಲ
ಬಾಯಿಂದ ಬಂದದ್ದು ನನ್ನ ದನಿಯಲ್ಲ.
ಸಣ್ಣಗೆ, ತಣ್ಣಗೆ, ಹಲ್ಲಿನ ಸಂದಿಯಿಂದ:
ನಿನ್ನಂಥವರಿಗೆ ಬಲೆ ಹೆಣೆಯುವುದೇ ಸರಿ.

ಮೇಜಿನ ಕೆಳಗೆ ಗೊಂಬೆಗೆ ಪಾಠ ಹೇಳುತ್ತಿದ್ದ ಟ್ಯಾಮ್ಸಿನ್
ತಲೆ ಹೊರಹಾಕಿ ಕೇಳಿದಳು:
ಅಮ್ಮಾ, ಈಗ ಮಾತಾಡಿದ್ದು ಯಾರು?

ಯಾರೆಂದು ಗೊತ್ತಿತ್ತು ನನಗೆ.
ಮಿಸ್ ಪಿಂಕ್ಸೆನ್. ಕಂದು ಉಣ್ಣೆಯ ಕೋಟು, ಕೆಮ್ಮಿನ ಗುಳಿಗೆಯ ವಾಸನೆ.
ಮೂವತ್ತು ವರ್ಷದ ಹಿಂದೆ, ಕಪ್ಪುಹಲಗೆಯ ಮುಂದೆ,
ಏಳೆಂಟ್ಲೆ ಹತ್ತಿರ ನಾನು ನಿಂತುಹೋದಾಗ
ಅವರಂದ ಮಾತು, ಅಕ್ಷರ ಬಿಡದೆ.
ಅವರು ತೀರಿಕೊಂಡು ಎಷ್ಟೋ ಕಾಲವಾಯಿತು.
ಗೋರಿಗೆ ನಾನೇ ಹೂವಿಟ್ಟು ಬಂದಿದ್ದೇನೆ.
ಬಾಡಿಗೆ ಕೊಡದೆ ಇಷ್ಟು ದಿನ
ನನ್ನ ಗಂಟಲಲ್ಲಿ ಇದ್ದರೆಂದು
ಗೊತ್ತಿರಲಿಲ್ಲ, ಅಷ್ಟೇ.

ಆ ಮಧ್ಯಾಹ್ನ ಪಾಠ ನಡೆಯಲಿಲ್ಲ.
ಉಗ್ರಾಣದಲ್ಲಿ ಉಪ್ಪುಮೀನಿನ ಪೀಪಾಯಿ ತೆಗೆದು
ಹದಿನೇಳು ಎಣಿಸಿದೆವು.
ಹೊಗೆ ಏಳುವ ಮನೆಗಳು ಈಗ ಊರಲ್ಲಿ ಐದೇ.
ಹಿಮಗಾಡಿ ಎಳೆದವನು ಲಿಯಾಂಡರ್.
ಫಿಲೊಮಿನಾ ಅಜ್ಜಿ ಒಬ್ಬಳೇ, ಎರಡು ಸಾಕೆಂದಳು.
ಕೋಲ್‌ಬರ್ನರ ಮನೆಯಲ್ಲಿ ಬಸುರಿ ಸೊಸೆ, ಅಲ್ಲಿಗೆ ಐದು.
ಬೆಟ್ಟದ ಮೇಲಿನವರಿಗೆ ನಾಲ್ಕು, ಅದರಾಚೆ ಮೂರು,
ವಾಪಸು ಬಂದಾಗ ನಮಗೂ ಮೂರು.
ಶೇಷ ಸೊನ್ನೆ, ಎಂದು ಬರೆದ.
ಪುಸ್ತಕದ ಹಿಂದಿನ ಉತ್ತರಕ್ಕೆ ಅದು ಹೊಂದುವುದಿಲ್ಲ.
ನಾನು ತಿದ್ದಲಿಲ್ಲ. ತಿದ್ದಬೇಕಿತ್ತೇನೋ.
ಭಾಗಾಕಾರ ಅವನ ಕೈಗೆ ಹತ್ತಿದ್ದು ಮಾರ್ಚಿಗೆ,
ಅಷ್ಟರಲ್ಲಿ ಎಷ್ಟೋ ಸಲ ನಾನು ಬಚ್ಚಲಿಗೆ ಹೋಗಿ
ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ಆಂಬ್ರೋಸ್ ರಾತ್ರಿ ಮಕ್ಕಳ ಪುಸ್ತಕ ಕದ್ದು ಓದುತ್ತಾನೆ.
ನಲವತ್ತು ವರ್ಷ ಉಬ್ಬರವನ್ನು ಅಂಗಾಲಿನಲ್ಲಿ ಓದಿದವನು
ಕಿತ್ತಳೆಹಣ್ಣು, ಟಾರ್ಚು ಹಿಡಿದು
ಚಂದ್ರ ಈ ಕಡೆ ಇದ್ದರೆ ಆ ಕಡೆಯ ನೀರೂ ಏರುವುದು ಯಾಕೆ
ಎಂದು ಹನ್ನೊಂದಕ್ಕೆ ನನ್ನನ್ನು ಎಬ್ಬಿಸಿದ.
ಗೊತ್ತಿಲ್ಲ, ಎಂದೆ.
ಅವನಿಗೂ ಗೊತ್ತಿಲ್ಲ.
ಬೆಳಗ್ಗೆ ಮಕ್ಕಳಿಗೂ ಅದನ್ನೇ ಹೇಳಿದೆವು.
ಅವರು ಇಷ್ಟು ಖುಷಿಪಟ್ಟದ್ದನ್ನು ನಾನು ಕಂಡಿಲ್ಲ.

ಮಗ್ಗಿ ಒಪ್ಪಿಸುವ ಸರದಿ ನನಗೂ ಇದೆ ಈಗ, ಮಗನ ಕಾನೂನು.
ಇವತ್ತೂ ಏಳೆಂಟ್ಲೆ ಹತ್ತಿರ ನಿಂತೆ.
ಕೊಲ್ಲಿಯಲ್ಲಿ ಮಂಜುಗಡ್ಡೆ ಕಿರ್ರೆನ್ನುತ್ತಿತ್ತು.
ಅವನು ಹೇಳಿಕೊಡಲಿಲ್ಲ, ನಗಲಿಲ್ಲ,
ಪೆನ್ಸಿಲ್ ಚೂಪು ಮಾಡುತ್ತ ಕಾದ.
ಹೀಗೆ ಕಾಯುವುದನ್ನು ಅವನಿಗೆ ಯಾರು ಕಲಿಸಿದರೋ.
ನಾನಂತೂ ಅಲ್ಲ.